ಕಜ್ಜಾಯನ ಕೊರಳಿಗೆ ತಕ್ಕ ಬೆಲ್ಟನ್ನು ಆಯ್ಕೆ ಮಾಡುವ ಕುರಿತು

ಸಂಬಂಧಪಟ್ಟ ಇಲಾಖೆ
(ಹೆಸರು ಇನ್ನೂ ಅಂತಿಮಗೊಂಡಿರುವುದಿಲ್ಲ)
ನಾಲ್ಕನೇ ಅಡ್ಡರಸ್ತೆ, ದಟ್ಟಗಳ್ಳಿ, ಮೈಸೂರು

ಸಂಖ್ಯೆ: ಸಂಇ/ಶ್ವಾನ/ಎಳೆತ/07/2024-25

ವಿಷಯ: ಶ್ರೀಮತಿ ಪದ್ಮಾವತಿ ಮತ್ತು ಶ್ರೀ ಚೆಲುವಯ್ಯ ದಂಪತಿಗಳ ಸಾಕುನಾಯಿ ಕಜ್ಜಾಯನಿಗೆ ಎಳೆಯದೆ ನಡೆಯುವುದನ್ನು ಕಲಿಸಲು ಸೂಕ್ತ ಬೆಲ್ಟಿನ ಆಯ್ಕೆ.

ಉಲ್ಲೇಖ:
1) ಪದ್ಮಾವತಿಯವರ ಬಲ ಮಣಿಕಟ್ಟಿನ ಪ್ಲಾಸ್ಟರ್.
2) ಚೆಲುವಯ್ಯನವರ ಮೌಖಿಕ ಆದೇಶ (ಸ್ಥಳ: ಅವರ ಮನೆಯ ವರಾಂಡ, ಧ್ವನಿ: ಬೀದಿಯ ಕೊನೆಯವರೆಗೆ).
3) ಸದರಿ ಆದೇಶದ ನಂತರದ ಪದ್ಮಾವತಿಯವರ ಮೌನ.

ನಾಲ್ಕನೇ ಅಡ್ಡರಸ್ತೆಯ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ಕಜ್ಜಾಯ ಎಂಬ ಕಂದುಬಣ್ಣದ ಬೀದಿನಾಯಿ ಕುಲದ, ಸಭ್ಯ ಮುಖದ ಗಂಡು ನಾಯಿಯು ಬೆಳಗಿನ ವಾಕಿಂಗ್ ವೇಳೆ ನೆರೆಮನೆಯ ಚೂಡಾಮಣಿಯವರ ಗೇಟಿನತ್ತ ಏಕಾಏಕಿ ಧಾವಿಸಿದ್ದರಿಂದ, ಹಗ್ಗ ಹಿಡಿದಿದ್ದ ಪದ್ಮಾವತಿಯವರು ಬಿದ್ದು ಮಣಿಕಟ್ಟು ಮುರಿದುಕೊಂಡಿರುತ್ತಾರೆ. ಆಸ್ಪತ್ರೆಯಿಂದ ಮರಳಿದ ಕೂಡಲೇ ಅವರ ಪತಿ ಚೆಲುವಯ್ಯನವರು (ನಿವೃತ್ತ ಕಚೇರಿ ಅಧೀಕ್ಷಕರು, ಹೆಂಡತಿಗೆ ಸೂಜಿ ಚುಚ್ಚಿದರೆ ತಾವು ಕಣ್ಣು ಮುಚ್ಚುವವರು) ಈ ಕೆಳಕಂಡಂತೆ ಘೋಷಿಸಿರುತ್ತಾರೆ:

"ಇದಕ್ಕೊಂದು ಸರಿಯಾದ ಬೆಲ್ಟ್ ಹಾಕಿ ಬುದ್ಧಿ ಕಲಿಸ್ತೀನಿ. ಬರೋ ಭಾನ್ವಾರದ ಹೊತ್ಗೆ ನೆಟ್ಟಗೆ ನಡೀಲಿಲ್ವೋ, ಹೂಟಗಳ್ಳಿ ಸುಂದರೇಶನ ಶೆಡ್ಗೆ ಕಳಿಸ್ಬುಡ್ತೀನಿ. ಅಲ್ಲೇ ಕಾವಲು ಕಾಯ್ಕೊಂಡ್ ಬಿದ್ದಿರ್ಲಿ!"

ಪದ್ಮಾವತಿಯವರು ಮರುಮಾತಾಡದೆ ಎಡಗೈಯಿಂದ ಕಜ್ಜಾಯನ ಕಿವಿ ಸವರುತ್ತ ಕುಳಿತಿದ್ದು, ಇದರಿಂದ ಇಡೀ ಬೀದಿಯ ತಿಂಡಿಯ ರುಚಿ ಕೆಟ್ಟಿರುತ್ತದೆ. ಆದ್ದರಿಂದ ಇಲಾಖೆಯು ಮಧ್ಯಪ್ರವೇಶಿಸಿ, ತದನಂತರದ ಘಟನೆಗಳನ್ನೂ ಪರಿಶೀಲಿಸಿ, ಈ ಕೆಳಗಿನ ನಿಯಮಗಳನ್ನು ಹೊರಡಿಸಿದೆ.

1. ಈ ಸುತ್ತೋಲೆಯಲ್ಲಿ ಬೆಲ್ಟು ಎಂದರೆ ನಾಯಿಯ ಕೊರಳಿಗೆ ಹಾಕುವಂಥದ್ದು. ಇಲಾಖೆಯ ಸಭೆಯಲ್ಲಿ ಸದಸ್ಯರೊಬ್ಬರು ತಮ್ಮ ಸೊಂಟದ್ದನ್ನು ಉದಾರವಾಗಿ ಬಿಚ್ಚಿಕೊಟ್ಟಿದ್ದು, ಅದನ್ನು ವಂದನೆಗಳೊಂದಿಗೆ, ತುರ್ತಾಗಿ, ಹಿಂದಿರುಗಿಸಲಾಗಿದೆ.

2. ಬೆಲ್ಟಿಗೂ ಕೊರಳಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕೆಂಬುದು ಸರ್ವಸಮ್ಮತ. ಆದರೆ ಯಾರ ಬೆರಳು ಎಂಬ ಬಗ್ಗೆ ಸ್ಪಷ್ಟತೆ ಇರಲಿಲ್ಲ. ಚೆಲುವಯ್ಯನವರ ಎರಡು ಬೆರಳು ಹೋಗುವ ಜಾಗದಲ್ಲಿ ಚೂಡಾಮಣಿಯವರ ನಾಲ್ಕೂ ಬೆರಳು, ಬಳೆ ಸಮೇತ, ಹೋಗಿರುತ್ತವೆ. ಆದಕಾರಣ ಸಿಂಚನ ಎಂಬ ಪಿಯುಸಿ ವಿದ್ಯಾರ್ಥಿನಿಯ ತೋರುಬೆರಳು ಮತ್ತು ಮಧ್ಯದ ಬೆರಳನ್ನು 'ಇಲಾಖಾ ಬೆರಳುಗಳು' ಎಂದು ಅಂಗೀಕರಿಸಲಾಗಿದೆ. ಸದರಿಯವರಿಗೆ ಪರೀಕ್ಷೆಯಿರುವ ದಿನಗಳಲ್ಲಿ ಅವರ ತಾಯಿಯವರ ಬೆರಳುಗಳು ಪ್ರಭಾರದಲ್ಲಿರತಕ್ಕದ್ದು. ಉಗುರುಬಣ್ಣಕ್ಕೆ ವಿನಾಯಿತಿ ಇದೆ.

3. ಯಾವುದೇ ಬೆಲ್ಟನ್ನು ಸೂಚಿಸುವವರು ಅದನ್ನು ಮೊದಲು ತಮ್ಮ ಕೊರಳಿಗೆ ಹಾಕಿಕೊಂಡು ಹಾಲಿನ ಬೂತಿನಿಂದ ಪಾರ್ಕಿನ ಗೇಟಿನವರೆಗೆ ನಡೆಯತಕ್ಕದ್ದು. ಈ ನಿಯಮ ಜಾರಿಯಾದ ಕೂಡಲೇ ಬಂದಿದ್ದ ಸಲಹೆಗಳಲ್ಲಿ ಬಹುಪಾಲು ಹಿಂಪಡೆಯಲ್ಪಟ್ಟಿವೆ.

4. ಎಳೆದಷ್ಟೂ ಬಿಗಿಯುವ ಸರಪಣಿಯನ್ನು ಸೂಚಿಸಿದ್ದವರು ಸ್ವತಃ ಚೆಲುವಯ್ಯನವರು. ಕಚೇರಿಯಲ್ಲಿದ್ದಾಗ ಅವರು ನಿಯಮಕ್ಕೆ ತಪ್ಪಿದವರಲ್ಲ. ನಿವೃತ್ತಿಯ ನಂತರ ತಪ್ಪುವುದು ಹೇಗೆ? ಸರಪಣಿ ಧರಿಸಿ, ಮೇಲೊಂದು ಟವೆಲ್ ಹೊದ್ದು ಹೊರಟರು. ಹಗ್ಗದ ತುದಿ ಪದ್ಮಾವತಿಯವರ ಎಡಗೈಯಲ್ಲಿತ್ತು. ಹಾಲಿನ ಬೂತಿನ ರಾಜೇಶ್ ಅವರು ಸರಪಣಿಯನ್ನು ಕಂಡೂ ಕಾಣದವರಂತೆ "ನಮಸ್ಕಾರ ಸಾರ್, ಅರ್ಧ ಲೀಟ್ರಾ?" ಎಂದಷ್ಟೇ ಕೇಳಿದ್ದನ್ನು ಇಲಾಖೆ ಹೃತ್ಪೂರ್ವಕವಾಗಿ ಶ್ಲಾಘಿಸುತ್ತದೆ. ಮೊದಲ ತಿರುವಿನವರೆಗೆ ಚೆಲುವಯ್ಯನವರ ನಡೆ ತೃಪ್ತಿಕರವಾಗಿತ್ತು. ತಿರುವಿನ ಹೋಟೆಲಿನಲ್ಲಿ ಕಾದ ಹೆಂಚಿಗೆ ಬೆಣ್ಣೆ ಬಿದ್ದ ಸದ್ದಾಗಲು, ಅವರು ತಮಗರಿವಿಲ್ಲದೆ ಅತ್ತ ವಾಲಿದ್ದು, ಸರಪಣಿ ತನ್ನ ಕರ್ತವ್ಯ ನಿರ್ವಹಿಸಿರುತ್ತದೆ.

"ಬುಡೇ! ಬುಡೇ ಪದ್ಮಾ!"

"ನಾನು ಬುಟ್ಟೇ ಇದೀನಿ ಕಣ್ರೀ. ಎಳೀತಿರೋದು ನೀವು."

ಉಲ್ಲೇಖ (2)ರ ನಂತರ ಪದ್ಮಾವತಿಯವರು ಪತಿಯೊಡನೆ ಆಡಿದ ಮೊದಲ ಮಾತು ಇದೆಂದು ದಾಖಲಿಸಲಾಗಿದೆ. ಚೆಲುವಯ್ಯನವರು ಕೆಮ್ಮುತ್ತಲೇ ಮನೆಗೆ ಬಂದು, ಕಜ್ಜಾಯನ ಕೊರಳನ್ನು ಬಹಳ ಹೊತ್ತು ನೋಡಿ, ಸರಪಣಿಯನ್ನು ಸ್ಕೂಟರಿನ ಸೇವೆಗೆ ವರ್ಗಾಯಿಸಿರುತ್ತಾರೆ.

5. ಒಳಮುಖ ಮುಳ್ಳುಗಳಿರುವ ಬೆಲ್ಟು ಹಾಗೂ ಗುಂಡಿ ಒತ್ತಿದರೆ ಕರೆಂಟು ಹೊಡೆಯುವ ಬೆಲ್ಟುಗಳನ್ನು ನಿಷೇಧಿಸಲಾಗಿದೆ. ಸಾಕುಪ್ರಾಣಿ ಅಂಗಡಿಯ ದಿಲೀಪ್ ಅವರು "ಏನೂ ಆಗಲ್ಲ ಸಾರ್, ಒಂಚೂರು ಜುಮ್ ಅನ್ನುತ್ತೆ ಅಷ್ಟೇ" ಎಂದು ಭರವಸೆ ನೀಡಿದ್ದರು. ನಿಯಮ 3ನ್ನು ಅವರಿಗೆ ಓದಿ ಹೇಳಲಾಗಿ, "ಅಯ್ಯೋ, ನಾನ್ಯಾಕ್ ಸಾರ್ ಹಾಕ್ಕೊಳ್ಲಿ? ನಾನೇನ್ ಎಳೀತೀನಾ?" ಎಂದು ಹಿಂದೆ ಸರಿದಿರುತ್ತಾರೆ. ಬಳಿಕ ಅವರೇ ಒಳಗಿನಿಂದ ಅಗಲವಾದ, ಮೆತ್ತನೆಯ ಬಟ್ಟೆಯ ಬೆಲ್ಟೊಂದನ್ನು ತಂದು, ಇಲಾಖಾ ಬೆರಳುಗಳಿಗೆ ಸರಿಹೊಂದುವಂತೆ ಕೊಂಡಿ ಸರಿಸಿಕೊಟ್ಟು, "ಇದನ್ನ ಬೇಕಾದ್ರೆ ನಾನೂ ಹಾಕ್ಕೋತೀನಿ" ಎಂದು ಹಾಕಿಯೂ ತೋರಿಸಿರುತ್ತಾರೆ. ಒಪ್ಪುತ್ತಿತ್ತು. ಸದರಿ ಬೆಲ್ಟನ್ನು ಆಯ್ಕೆ ಮಾಡಲಾಗಿದೆ.

6. ಇಷ್ಟಾದರೂ ಕಜ್ಜಾಯ ಎಳೆಯುವುದನ್ನು ನಿಲ್ಲಿಸಲಿಲ್ಲ. ಭಾನುವಾರ ಹತ್ತಿರವಾಗುತ್ತಿತ್ತು. ಚೆಲುವಯ್ಯನವರಿಗೆ ಒಳಗೊಳಗೇ ಅಳುಕು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಕ್ರಮ ಅವರ ಸೇವಾವಧಿಯಲ್ಲಿ ಎಂದೂ ಬಂದಿರಲಿಲ್ಲ. ಆಗ ನಡೆಸಿದ ಮನೆಮನೆ ವಿಚಾರಣೆಯಲ್ಲಿ ತಿಳಿದುಬಂದಿರುವುದೇನೆಂದರೆ, ಬೀದಿಯ ಪ್ರತಿ ಗೇಟಿನಲ್ಲೂ ಕಜ್ಜಾಯನಿಗೆ ಏನಾದರೊಂದು ಸಂದಾಯವಾಗುತ್ತಿದ್ದು, ಪ್ರತಿಯೊಬ್ಬರೂ ತಾವೊಬ್ಬರೇ ಕೊಡುತ್ತಿರುವುದಾಗಿ ನಂಬಿದ್ದರು. ಸಿಂಚನಳಿಂದ ಬಿಸ್ಕತ್ತು. ಈ ಸುತ್ತೋಲೆಗೆ ಸಹಿ ಮಾಡುತ್ತಿರುವವರಿಂದ ಅಕ್ಕಿರೊಟ್ಟಿಯ ಅಂಚು (ಈ ಬಗ್ಗೆ ಹೆಚ್ಚಿನ ತನಿಖೆ ಅನವಶ್ಯಕವೆಂದು ಸಹಿ ಮಾಡುತ್ತಿರುವವರು ಅಭಿಪ್ರಾಯಪಟ್ಟಿದ್ದಾರೆ). ಚೂಡಾಮಣಿಯವರ ಹೇಳಿಕೆ ಯಥಾವತ್ತಾಗಿ: "ಮೂಕ ಪ್ರಾಣಿ ಅಲ್ವೇನ್ರೀ, ನಿಂತ್ಕೊಂಡು ನೋಡುತ್ತೆ. ಒಂದೇ ಒಂದು ಇಡ್ಲಿ ಕಣ್ರೀ. ಚಟ್ನಿ ಕೂಡ ಹಾಕಲ್ಲ." ತಮ್ಮ ಇಡ್ಲಿಗಾಗಿ ಕಜ್ಜಾಯ ನುಗ್ಗಿದಾಗಲೇ ಪದ್ಮಾವತಿಯವರು ಬಿದ್ದದ್ದೆಂದು ತಿಳಿದ ಮೇಲೆ ಅವರು ಅಂದಿನಿಂದ ದಿನವೂ ಬಂದು ಪದ್ಮಾವತಿಯವರ ತಲೆ ಬಾಚಿ ಜಡೆ ಹಾಕಿಕೊಟ್ಟು ಹೋಗುತ್ತಿದ್ದಾರೆ. ಇದು ಯಾವ ನಿಯಮದಡಿ ಬರುತ್ತದೆಂದು ಇಲಾಖೆಗೆ ತಿಳಿಯದು. ಮುಂದುವರಿಸಬಹುದು.

7. ಚೆಲುವಯ್ಯನವರ ಖಡಕ್ ಶಿಫಾರಸಿನ ಮೇರೆಗೆ, ಭಾನುವಾರದ ಪರೀಕ್ಷೆಯ ವೇಳೆ ನಿವಾಸಿಗಳೆಲ್ಲರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲತಕ್ಕದ್ದು ಎಂದು ಈ ಹಿಂದೆ ಸೂಚಿಸಲಾಗಿತ್ತು. ಕಜ್ಜಾಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಲ್ಲಿ ಆಕಾಶ ನೋಡತಕ್ಕದ್ದು. ಬಿಸಿಲು ಚುಚ್ಚುವವರು ಚಾಮುಂಡಿ ಬೆಟ್ಟಕ್ಕೆ ಬೆನ್ನು ಮಾಡಿ ನಿಲ್ಲಬಹುದು. ಬಾಲ ಅಲ್ಲಾಡಿಸಿದ್ದನ್ನು ಲಂಚದ ಬೇಡಿಕೆಯೆಂದು ಪರಿಗಣಿಸಲಾಗುವುದು. ಯಾರೊಬ್ಬರೂ ಒಂದು ಚೂರನ್ನೂ ಕೊಡಕೂಡದು.

8. ಪರೀಕ್ಷೆಯ ವರದಿ: ಪಾರ್ಕಿನ ಗೇಟಿನ ಬಳಿ ಸುಂದರೇಶ ಅವರ ಲಗೇಜ್ ಆಟೋ ಸಿದ್ಧವಾಗಿ ನಿಂತಿತ್ತು. ದಾರಿಯಲ್ಲಿ ಒಮ್ಮೆ ಹಗ್ಗ ಬಿಗಿದರೂ ಕಜ್ಜಾಯ ಹೂಟಗಳ್ಳಿಗೆ ಎಂಬುದು ಷರತ್ತು. ಹಗ್ಗ ಚೆಲುವಯ್ಯನವರ ಕೈಯಲ್ಲಿ. ನಾಲ್ಕು ಹೆಜ್ಜೆ ಹಿಂದೆ ಪದ್ಮಾವತಿಯವರು. ಬೀದಿಯ ಉದ್ದಕ್ಕೂ ಜನ ಕೈ ಕಟ್ಟಿ ಆಕಾಶ ನೋಡುತ್ತಿದ್ದುದರಿಂದ ವಿಮಾನವೇನಾದರೂ ಬರುತ್ತಿದೆಯೇ ಎಂದು ಸೊಪ್ಪಿನ ಗಾಡಿಯವರೂ ನಿಂತು ನೋಡಿರುತ್ತಾರೆ. ಚೂಡಾಮಣಿಯವರ ಗೇಟು ಬಂತು. ಕಜ್ಜಾಯ ನಿಂತ, ಮೂಗೆತ್ತಿದ, ಮುಂಗಾಲು ಅತ್ತ ಇಟ್ಟ. ಚೂಡಾಮಣಿಯವರು ಕಣ್ಣು ಮುಚ್ಚಿದರು. ಆ ಹೊತ್ತಿನಲ್ಲಿ ಚೆಲುವಯ್ಯನವರ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ದಾಖಲೆಯಿಲ್ಲ. ಹಿಂದಿನಿಂದ ಬರುತ್ತಿದ್ದ ಚಪ್ಪಲಿಯ ಸದ್ದು ನಿಂತುಹೋದದ್ದು ಮಾತ್ರ ಅವರಿಗೆ ಕೇಳಿತ್ತು. ಹಗ್ಗ ಬಿಗಿಯಲು ಗೇಣು ಬಾಕಿಯಿರುವಾಗ, ನಿಯಮ 7ರ ಶಿಫಾರಸುದಾರರ ಕೈ ಅವರದೇ ಜೇಬಿಗೆ ಹೋಯಿತು. ಕಜ್ಜಾಯನ ಕಿವಿ ನಿಮಿರಿತು. ಅವನು ಗೇಟನ್ನೂ ಇಡ್ಲಿಯನ್ನೂ ಮರೆತು ಚೆಲುವಯ್ಯನವರ ಮೊಣಕಾಲಿಗೆ ಅಂಟಿಕೊಂಡ. ಅಲ್ಲಿಂದ ಪಾರ್ಕಿನವರೆಗೆ, ಗೇಟಿನಿಂದ ಗೇಟಿಗೆ ಒಂದೊಂದು ಚೂರು, ಹಗ್ಗ ಹೂಮಾಲೆಯಂತೆ ಇಳಿಬಿದ್ದಿತ್ತು.

"ಏನಣ್ಣ, ನಾಯಿ ಹತ್ತಿಸ್ಲಾ, ಬ್ಯಾಡ್ವಾ?" ಎಂದು ಸುಂದರೇಶ ಕೇಳಲಾಗಿ,

"ಹೋಗ್ಲಾ! ನಿನ್ ಶೆಡ್ನಲ್ಲಿ ಏನೈತೆ ಅಂತ ಕಾಯೋಕೆ!" ಎಂದು ಚೆಲುವಯ್ಯನವರು ಹಿಂದಿನ ಆದೇಶವನ್ನು ರದ್ದುಪಡಿಸಿರುತ್ತಾರೆ.

"ಜೇಬಲ್ಲೇನ್ರೀ ಇತ್ತು?"

"ಕರ್ಚೀಪು ಕಣೇ."

"ಕರ್ಚೀಪು ಉದ್ದಿನ್ ವಡೆ ವಾಸ್ನೆ ಹೊಡೀತದಲ್ರೀ."

ದಂಪತಿಗಳು ಕಲ್ಲುಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ನಕ್ಕಿದ್ದು, ನಡುವೆ ಕುಳಿತ ಕಜ್ಜಾಯ ಇಬ್ಬರ ಮುಖವನ್ನೂ ಸಮಾನವಾಗಿ ನೆಕ್ಕಿರುತ್ತಾನೆ.

9. ಆದ್ದರಿಂದ ಬಟ್ಟೆಯ ಬೆಲ್ಟನ್ನು ಕಾಯಂಗೊಳಿಸಿ, ನಿಯಮ 7ನ್ನು ರದ್ದುಪಡಿಸಿ, ಈ ಮೂಲಕ ಆದೇಶಿಸಲಾಗಿದೆ: ಇಡ್ಲಿ, ಬಿಸ್ಕತ್ತು, ರೊಟ್ಟಿ ಇತ್ಯಾದಿ ಪ್ರೀತಿಗಳನ್ನು ಇನ್ನು ಮುಂದೆ ಯಾರೂ ಗೇಟಿನಲ್ಲಿ ವಿತರಿಸದೆ, ವಾಕಿಂಗ್‌ಗೆ ಮುನ್ನ ಹಗ್ಗ ಹಿಡಿಯುವವರ ಜೇಬಿಗೆ ಜಮಾ ಮಾಡತಕ್ಕದ್ದು. ಕೊಡಲಾಗದೆ ಕೈ ತುರಿಸುವವರು ಗೇಟಿನಲ್ಲಿ ನಿಂತು ಹೆಸರು ಹಿಡಿದು ಕರೆಯಬಹುದು. ಮುಟ್ಟಿ ಮಾತಾಡಿಸುವುದಕ್ಕೆ ಪೂರ್ವಾನುಮತಿ ಬೇಕಿಲ್ಲ.

(ಸಹಿ)
ಸಿದ್ದಲಿಂಗಸ್ವಾಮಿ
ಪ್ರಭಾರ ಅಧಿಕಾರಿ, ಎಳೆತ ಮತ್ತು ಸಡಿಲಿಕೆ ಶಾಖೆ

ಪ್ರತಿಗಳು:
1) ಶ್ರೀ ಸುಂದರೇಶ, ಹೂಟಗಳ್ಳಿ: ಕಾವಲಿಗೆ ಬೇರೆ ಏರ್ಪಾಡು ಮಾಡಿಕೊಳ್ಳಲು.
2) ಶ್ರೀ ದಿಲೀಪ್: ಹಾಕಿ ತೋರಿಸಿದ ಬೆಲ್ಟಿನ ಫೋಟೋವನ್ನು ಅಂಗಡಿಯಲ್ಲಿ ಹಾಕಿಕೊಳ್ಳಲು ಅಡ್ಡಿಯಿಲ್ಲ.
3) ಕುಮಾರಿ ಸಿಂಚನ: ಬೆರಳುಗಳ ಸೇವಾ ಪುಸ್ತಕಕ್ಕೆ.
4) ಇಸ್ತ್ರಿ ಅಂಗಡಿ: ಚೆಲುವಯ್ಯನವರ ಅಂಗಿ ಜೇಬುಗಳ ಎಣ್ಣೆ ಕಲೆಯ ಬಗ್ಗೆ ಮನೆಯಲ್ಲಿ ವಿಚಾರಿಸದಿರಲು.
5) ಶ್ರೀಮತಿ ಪದ್ಮಾವತಿ: ಮಾಹಿತಿಗಾಗಿ. ಅದು ಕರ್ಚೀಪೇ ಎಂದು ನಂಬಿದಂತೆ ಇರಲು ಕೋರಿದೆ.