‘ಸೀರಿ’ ಅಂತ ಹುಡುಕಿದವರು

ಒಂದು ಜಾಹೀರಾತೂ ನನ್ನ ಕೈಯಿಂದ ಸುಸೂತ್ರ ಹೊರಬಿದ್ದದ್ದಿಲ್ಲ. ಪ್ರತಿಯೊಂದಕ್ಕೂ ಒಂದು ಫಜೀತಿ ಅಂಟಿಕೊಂಡೇ ಹೋಗಿದೆ. ದುಬೈಯಲ್ಲಿ ಅತ್ತರಿಗೆ ಬರೆದೆ, ನೈರೋಬಿಯಲ್ಲಿ ಚಹಾಕ್ಕೆ ಬರೆದೆ, ಎಲ್ಲಿಯೂ ಎರಡು ವರ್ಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಈಗ ಬೆಟಗೇರಿಯಲ್ಲಿದ್ದೇನೆ. ಮೊಬೈಲಿನಲ್ಲಿ ನೀವು ಏನಾದರೂ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಎರಡು ಸಾಲಿನ ಜಾಹೀರಾತು ಬರುತ್ತದಲ್ಲ, ಅದನ್ನು ಬರೆಯುವವಳು ನಾನು. ನೀವು ಒತ್ತಿದರೆ ಅಂಗಡಿಯವರ ದುಡ್ಡು ಹೋಗುತ್ತದೆ, ಒತ್ತದಿದ್ದರೆ ನನ್ನ ಮಾನ ಹೋಗುತ್ತದೆ.

ಪಕ್ಕದ ಮನೆಯ ಅಕ್ಕ ಕೈಮಗ್ಗದವಳು. ಗಂಡ ತೀರಿದ ಮೇಲೂ ನೇಯುವುದನ್ನು ಬಿಟ್ಟವಳಲ್ಲ. ಆದರೆ ನೇಯ್ದ ಇಪ್ಪತ್ತು ಸೀರೆ ಮಾರಾಟವಾಗದೆ ಟ್ರಂಕಿನಲ್ಲಿ ಕೂತಿದ್ದವು. ಅವಳ ಮೈದುನ ಶ್ರಾವಣದವರೆಗೆ ಗಡುವು ಕೊಟ್ಟಿದ್ದ: ಅಷ್ಟರಲ್ಲಿ ಟ್ರಂಕು ಖಾಲಿಯಾಗದಿದ್ದರೆ ನೆಲದಲ್ಲಿ ತೋಡಿದ ಮಗ್ಗದ ಕುಣಿ ಮುಚ್ಚಿ, ಆ ಜಾಗದಲ್ಲಿ ಝೆರಾಕ್ಸ್ ಮಷೀನು. ಒಂದು ಸಿಮೆಂಟ್ ಚೀಲ ತಂದು ಕುಣಿಯ ಪಕ್ಕ ನಿಲ್ಲಿಸಿಯೂ ಬಿಟ್ಟಿದ್ದ.

“ದಿನಾ ಈ ಸಿಮೆಂಟಿನ ಮಾರಿ ನೋಡ್ಕೋತ ನೇಯಾಕತ್ತೇನಿ ತಂಗಿ,” ಎಂದಳು ಅಕ್ಕ. “ಏನರ ಬರಿ.”

ಬರೆದೆ.

೧. ಅಜ್ಜನಿಗೂ ದೇವರಿಗೂ ಜಾಗವಿಲ್ಲ

ಯಾರಿಗೆ ಮಾರಬೇಕು ಎನ್ನುವುದು ಗೊತ್ತಾಗದೆ ಒಂದಕ್ಷರ ಬರೆಯಬಾರದು, ಇದು ನನ್ನ ಕಸುಬಿನ ಮೊದಲ ಪಾಠ. ಅಕ್ಕನನ್ನೇ ಕೇಳಿದೆ.

“ಸೀರಿ ಉಡವ್ರಿಗೆ,” ಎಂದಳು.

ಇಷ್ಟು ಖಚಿತ ಉತ್ತರ ದುಬೈಯ ದೊಡ್ಡ ಸಾಹೇಬರೂ ಕೊಟ್ಟಿರಲಿಲ್ಲ. ಅದು ಶುದ್ಧ ತಪ್ಪು ಎಂದು ಗೊತ್ತಾದದ್ದು ಆಮೇಲೆ.

ತಲೆಬರಹಕ್ಕೆ ಸಿಗುವುದು ಮೂವತ್ತು ಅಕ್ಷರ. ಅದರಲ್ಲೂ ಕನ್ನಡದ ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಮೈದುನ ಎದುರಿಗೆ ಕೂತು ಬರೆಸತೊಡಗಿದ: “ಶ್ರೀ ಕುಲದೇವತಾ ಪ್ರಸನ್ನ. ಅಜ್ಜಾರ ಆಶೀರ್ವಾದ. ಒಮ್ಮೆ ಭೆಟ್ಟಿ ಕೊಡ್ರಿ...”

“ಅಜ್ಜಾರ ತನಕ ಬರೂದ್ರಾಗ ಜಾಗಾ ಮುಗೀತು,” ಎಂದೆ.

“ಹಂಗಾರ ಸೀರಿ?”

“ಸೀರಿಗೆ ಜಾಗಾ ಇಲ್ಲ.”

ಇಬ್ಬರೂ ಅಕ್ಕನ ಕಡೆ ನೋಡಿದೆವು. ಅವಳು ಮಗ್ಗದ ಲಾಳಿ ನಿಲ್ಲಿಸದೆಯೇ ತೀರ್ಪು ಕೊಟ್ಟಳು: “ಅಜ್ಜ ಸೀರಿ ಉಡೂದಿಲ್ಲ, ದೇವ್ರು ಮೊಬೈಲ್ ಒತ್ತೂದಿಲ್ಲ. ಇಬ್ಬರನ್ನೂ ತಗಿ.”

೨. ಬಳಗದ ಅಭಿಮಾನ

ಜಾಹೀರಾತು ಬೆಳಿಗ್ಗೆ ಎಂಟಕ್ಕೆ ಶುರುವಾಯಿತು, ಹತ್ತೂವರೆಗೆ ಮಾಯವಾಯಿತು. ಇಡೀ ದಿನಕ್ಕೆಂದು ಅಕ್ಕ ಕೊಟ್ಟ ದುಡ್ಡು ಅಷ್ಟರಲ್ಲೇ ಮುಗಿದಿತ್ತು. ಸೀರೆ ಬೇಕೆಂದು ಒಂದು ಫೋನೂ ಬಂದಿರಲಿಲ್ಲ.

ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಮೈದುನ ಹಲ್ಲು ಬಿಡುತ್ತ ಬಂದ. “ಅಕ್ಕಾರ, ಹರ್ತಿ, ಯಳವತ್ತಿ, ಕುರ್ತಕೋಟಿ, ಎಲ್ಲಾ ಊರಿನ ಬೀಗರಿಗೂ ಖಬರ ಕೊಟ್ಟೇನ್ರಿ. ನಮ್ಮದು ಮೊಬೈಲಿನ್ಯಾಗ ಬಂದೈತಿ, ಒತ್ತಿ ನೋಡ್ರಿ ಅಂತ.”

“ಅವ್ರು ಒತ್ತಿದ್ರ ನಿಮ್ಮ ವೈನಿ ರೊಕ್ಕಾ ಹೋಗತೈತಿ.”

“ನಮ್ಮ ಬಾಗಲಾ ನಮ್ಮವ್ರ ದೂಡಿದ್ರ ರೊಕ್ಕಾನ?” ಎಂದು ಬೆರಗಾದ. ಬೆರಗಾಗುತ್ತಲೇ ಸಿಮೆಂಟ್ ಚೀಲದ ಕಡೆ ಒಮ್ಮೆ ಕಣ್ಣು ಹಾಯಿಸಿದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ಅವನ ಫೋನು ಬಡಿಯಿತು. ಹರ್ತಿಯ ಬೀಗರು. “ಮನ್ಯಾಗಿನ ಐದೂ ಫೋನಿನ್ಯಾಗ ಒತ್ತೇವ್ರಿ. ಬಾಜೂ ಮನಿಯವ್ರಿಗೂ ಹೇಳ್ಲೇನು?”

೩. ಮಾಸ್ತರರ ತಿದ್ದುಪಡಿ

ಮರುದಿನ ಬೀಗರ ಊರುಗಳನ್ನೆಲ್ಲ ಕಿತ್ತು ಹಾಕಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಷ್ಟೇ ಜಾಹೀರಾತು ಕಾಣುವಂತೆ ಮಾಡಿದೆ. ಅಲ್ಲಿ ಬೀಗರಿಲ್ಲವೆಂದು ಮೈದುನನಿಂದ ಆಣೆ ಮಾಡಿಸಿಕೊಂಡೆ.

‘ಸೀರೆ’ ಎನ್ನುವಲ್ಲಿ ‘ಸೀರಿ’ ಎಂದೇ ಬರೆದಿದ್ದೆ. ಇಲ್ಲಿಯ ಜನ ಮೊಬೈಲಿನ ಮೈಕು ಒತ್ತಿ, ಮನೆಯಲ್ಲಿ ಮಾತಾಡಿದಂತೆಯೇ ಹುಡುಕುತ್ತಾರೆ; ತಮ್ಮ ಬಾಯಿಯ ಮಾತೇ ಎದುರು ಕಂಡರೆ ಒತ್ತುತ್ತಾರೆ. ಪುಸ್ತಕದ ಕನ್ನಡದಲ್ಲಿ ಬರೆಯಬಾರದೇ ಎಂದವರಿಗೆಲ್ಲ, ಪುಸ್ತಕವೇ ಬಂದು ಸೀರೆ ಕೊಳ್ಳಲಿ ಎಂದುಬಿಟ್ಟೆ.

ಮೊದಲ ಫೋನು ಲಕ್ಷ್ಮೇಶ್ವರದಿಂದ, ಒಬ್ಬ ನಿವೃತ್ತ ಮಾಸ್ತರರದು.

“ಜಾಹೀರಾತು ಬರದವ್ರು ಯಾರು? ‘ಸೀರಿ’ ತಪ್ಪು. ರಕಾರಕ್ಕ ಎತ್ವ ಕೊಡ್ರಿ. ಸೀರೆ.”

“ಸರ್, ತಾವು ಏನಂತ ಹುಡುಕಿದ್ರಿ?”

ಮಾಸ್ತರರು ದನಿ ತಗ್ಗಿಸಿದರು.

“ಸೀರಿ ಅಂತನ.”

ಒಂದು ಸೀರೆ ಕೊಂಡರು. ರಸೀದಿಯಲ್ಲಿ ‘ಸೀರೆ’ ಎಂದೇ ಬರೆಯಬೇಕೆಂಬ ಷರತ್ತಿನ ಮೇಲೆ.

೪. ಸೀರೆ ಉಡದವರು

ಒಂದು ಹೋಗಿ ಹತ್ತೊಂಬತ್ತು ಉಳಿದವು. ಶ್ರಾವಣಕ್ಕೆ ಹದಿನೈದೇ ದಿನ. ಜನ ಏನೇನು ಹುಡುಕುತ್ತ ನಮ್ಮ ಜಾಹೀರಾತಿಗೆ ಬಂದಿದ್ದರೋ ಆ ಪಟ್ಟಿ ತೆಗೆದು ಅಕ್ಕನಿಗೆ ಓದಿ ಹೇಳಿದೆ.

“‘ಹೆಂಡ್ತಿಗೆ ಯಾವ ಸೀರಿ ಕೊಡಬೇಕು.’ ‘ಹೆಂಡ್ತಿ ಸಿಟ್ಟಾದ್ರ ಸೀರಿ.’ ‘ಹೆಂಡ್ತಿ ಮಾತು ಬಿಟ್ಟಾಳ ಚಲೋ ಸೀರಿ ಜಲ್ದಿ.’”

ಅಕ್ಕನ ಲಾಳಿ ನಿಂತಿತು. “ಇವ್ರೆಲ್ಲಾ ಗಂಡಸರು.”

“ಹೂಂ. ಉಡವ್ರಿಗೆ ಮಾರೂದು ಬಿಡೂಣಕ್ಕಾ. ಹೆದರಿದವ್ರಿಗೆ ಮಾರೂಣು.”

ಹೊಸ ತಲೆಬರಹ ಬರೆದೆ: ‘ಹೆಂಡ್ತಿ ಸಿಟ್ಟಾಗ್ಯಾಳೇನು?’ ಅದರ ಕೆಳಗೆ: ‘ಬೆಟಗೇರಿ ಕೈಮಗ್ಗದ ಸೀರಿ. ಜಲ್ದಿ ಒಯ್ರಿ.’

ಮೈದುನ ಹಾರಾಡಿದ. “ವೈನಿ, ಮನಿತನದ ಮರ್ಯಾದಿ ಏನಾಗಬೇಕು? ಮೊದ್ಲು ತಗಸು ಅದನ್ನ.”

“ಮಗ್ಗಾ ಮುಚ್ಚಾಕ ಸಿಮೆಂಟ್ ತರೂಮುಂದ ಮರ್ಯಾದಿ ನೆನಪಾಗ್ಲಿಲ್ಲೇನು?” ಎಂದಳು ಅಕ್ಕ. “ತಗಸೂದಿಲ್ಲ. ಕಡೀ ಸೀರಿ ಹೋಗೂತನಕ ಇರತೈತಿ.”

ಫೋನು ಬಡಿಯತೊಡಗಿತು. ಹೆಚ್ಚಿನವರು ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಯಾವ ಬಣ್ಣ ಎಂದು ಕೇಳಿದರೆ, ಇಂದೇ ಸಿಗುತ್ತದೆಯೇ ಎನ್ನುತ್ತಿದ್ದರು. ಶಿರಹಟ್ಟಿಯವನೊಬ್ಬ ಒಂದೇ ಬಣ್ಣದ ಎರಡು ಸೀರೆಗೆ ಎರಡು ಬೇರೆ ಬೇರೆ ವಿಳಾಸ ಕೊಟ್ಟ. ನಾವು ಏನೂ ಕೇಳಲಿಲ್ಲ. ಶ್ರಾವಣ ಹಿಡಿಯುವ ಹಿಂದಿನ ದಿನ ಟ್ರಂಕು ಖಾಲಿಯಾಯಿತು. ಮೈದುನ ಸಿಮೆಂಟ್ ಚೀಲ ಹೊತ್ತುಕೊಂಡು ಹೋದ. ಅಕ್ಕ ಮಗ್ಗಕ್ಕೆ ಹೊಸ ನೂಲು ಏರಿಸಿದಳು.

ಅದೇ ವಾರ ಮುಂಡರಗಿಯಿಂದ ಒಬ್ಬ ಹೆಣ್ಣುಮಗಳ ಫೋನು. ಅಕ್ಕ ಸ್ಪೀಕರ್ ಹಾಕಿದಳು.

“ಏನ್ರೀ, ನಮ್ಮನಿಯವ್ರು ನಿಮ್ಮ ಕಡಿಂದ ನನಗ ಸೀರಿ ತಂದಾರ. ನಿಮ್ಮ ಜಾಹೀರಾತು ನಾನೂ ನೋಡೇನಿ.”

“ಸೀರಿ ಚಲೋ ಇಲ್ಲೇನವಾ?”

“ಸೀರಿ ಚಲೋ ಐತ್ರಿ. ಆದ್ರ ನಾ ಸಿಟ್ಟಾಗೇ ಇದ್ದಿಲ್ಲ. ಏನ್ ಮಾಡಿ ಬಂದಾನ ಅಂವಾ? ಖರೆ ಹೇಳ್ರಿ.”

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅಕ್ಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಅದು ನನಗ ಗೊತ್ತಿಲ್ಲವಾ. ನೀ ಸಾವಕಾಶ ಹುಡುಕು,” ಎಂದಳು. “ಸಿಕ್ಕರ ಫೋನ್ ಮಾಡು. ಇನ್ನೊಂದು ನೇಯಾಕತ್ತೇನಿ.”