ಮಾತಾಡದ ಚಿರತೆ ಹಲ್ಲಿ

ಹಲ್ಲಿ ಕಂಡರೆ ಮಂಚ ಹತ್ತಿ ನಿಲ್ಲುವ ಗಂಡಸು ನಾನು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ, ಏಕೆಂದರೆ ಆಳಂದದ ನಮ್ಮ ಓಣಿಗೆಲ್ಲ ಗೊತ್ತಿರುವ ವಿಷಯ. ಅಂಥವನ ಪಡಸಾಲೆಯಲ್ಲಿ ಈಗ ಗಾಜಿನ ಪೆಟ್ಟಿಗೆಯೊಂದಿದೆ. ಅದರೊಳಗೆ ಹಳದಿ ಮೈ, ಕರಿ ಚುಕ್ಕೆ, ಗಜ್ಜರಿಯಂಥ ದಪ್ಪ ಬಾಲದ ಲೆಪರ್ಡ್ ಗೆಕೊ, ಅಂದರೆ ಚಿರತೆ ಹಲ್ಲಿ. ಕಡಗಂಚಿಯಲ್ಲಿ ಓದುವ ಮಗಳು ಸಹನಾ ಸಾಕಿದ್ದು. ಹಾಸ್ಟೆಲ್ಲಿನಲ್ಲಿ ಬೇಡವೆಂದರಂತೆ. "ಪಪ್ಪಾ, ಪರೀಕ್ಷಾ ಮುಗಿಯೋತನಕ ಅಷ್ಟ ನೋಡ್ಕೋರಿ," ಎಂದು ಬಿಟ್ಟುಹೋದಳು. ಪರೀಕ್ಷೆ ಮುಗಿಯಿತು, ಫಲಿತಾಂಶವೂ ಬಂತು, ಹಲ್ಲಿ ಹೋಗಲಿಲ್ಲ.

ಗೋಡೆ ಹತ್ತಲು ಬಾರದ, ಕಣ್ಣು ಮಿಟುಕಿಸುವ, ಸದಾ ನಕ್ಕಂತೆ ಕಾಣುವ ಹಲ್ಲಿಗೆ ಎಷ್ಟು ದಿನ ಹೆದರುವುದು? ಹುಳವನ್ನು ಇಕ್ಕಳದಲ್ಲಿ ಹಿಡಿದು, ಕ್ಯಾಲ್ಸಿಯಂ ಪುಡಿ ಹಚ್ಚಿ ಉಣಿಸುವುದನ್ನು ಕಲಿತೆ. ಅದರ ಮೈ ಬೆಚ್ಚಗಿರಲೆಂದು ಪೆಟ್ಟಿಗೆಗೊಂದು ಬಿಸಿ ಮ್ಯಾಟ್ ಬೇರೆ, ಈ ಆಳಂದದ ಬಿಸಿಲಿನಲ್ಲಿ! ಹುಳಗಳನ್ನು ಗೋಧಿ ತೌಡಿನ ಡಬ್ಬಿಯಲ್ಲಿ ಬೆಳೆಸಬೇಕು. "ಲಿಂಗಾ ಕಟ್ಕೊಂಡ ಮನ್ಯಾಗ ಹುಳಾ ಸಾಕ್ತೀಯೇನೋ?" ಎಂದು ಅವ್ವ ಒಂದು ವಾರ ನನ್ನ ಕೈಯ ನೀರು ಮುಟ್ಟಲಿಲ್ಲ.

ನಿಜವಾದ ಚಿಂತೆ ಅವ್ವನದೇ ಆಗಿತ್ತು. ಎರಡೂ ಕಣ್ಣಿಗೆ ಪೊರೆ ಬಂದು, ರೊಟ್ಟಿಯ ಬದಲು ತಾಟನ್ನೇ ಮುರಿಯಲು ಹೋಗುತ್ತಿದ್ದಳು. ಕಲಬುರಗಿಯ ದವಾಖಾನೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತುಮಾಡಿದರೆ, "ಹಲ್ಲಿ ನುಡೀಲಿ, ಬರ್ತೇನಿ," ಎಂಬ ಹಟ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಖರೆ ಎಂದು ನಮ್ಮಲ್ಲಿ ನೆಲಕ್ಕೆ ಬೆರಳು ತಟ್ಟುತ್ತಾರೆ. ಆದರೆ ಬಣ್ಣ ಹೊಡೆಸಿದ ಮೇಲೆ ಗೋಡೆಯ ಹಲ್ಲಿಗಳೆಲ್ಲ ಮನೆ ಬಿಟ್ಟಿದ್ದವು. ಉಳಿದದ್ದು ಪೆಟ್ಟಿಗೆಯದೊಂದೇ. ಅವ್ವ ದಿನಾ ಅದರ ಮುಂದೆ ಕೂತು ಕೇಳಿದಳು. ಅದು ಕಣ್ಣು ಮಿಟುಕಿಸಿತು, ಅಷ್ಟೇ. "ಆಯಿ, ಈ ಜಾತಿ ಹಂಗ ನುಡಿಯಂಗಿಲ್ಲ," ಎಂದು ಸಹನಾ ಫೋನಿನಲ್ಲಿ ಅಜ್ಜಿಗೆ ಹೇಳಿದರೆ, "ನುಡೀಲಾರದ್ದಕ್ಕ ಉಣಸೋದ್ಯಾಕ?" ಎಂದಳು ಅವ್ವ.

ಗೊತ್ತುಮಾಡಿದ ದಿನ ಬಂದೇಬಿಟ್ಟಿತು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಬೆಳಿಗ್ಗೆ ಅವ್ವ ಪೆಟ್ಟಿಗೆಯ ಮುಂದೆ "ಹೋಗ್ಲೇನು?" ಎಂದಾಗ, ಕಪಾಟಿನ ಹಿಂದೆ ನಿಂತು ನಾನೇ ಮೂರು ಸಲ ಲೊಚಗುಟ್ಟಿದೆ, ಹಿಂದೆಯೇ ಸಣ್ಣ ಕೆಮ್ಮೂ ಬಂತು. ಅವ್ವ ನೆಲ ತಟ್ಟಿ ಎದ್ದಳು. "ನಡೀ, ಸೀರಿ ಉಟ್ಕೋತೇನಿ."

ಒಂದು ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದ ಅವ್ವ ಪೆಟ್ಟಿಗೆಯನ್ನು ಸಾವಕಾಶ ನೋಡಿದಳು. "ಇದರ ಮಾತು ಕೇಳಿದ್ದಕ್ಕ ಛಲೋ ಆತು ನೋಡವ್ವಾ," ಎಂದೆ.

"ಪೊರಿ ಕಣ್ಣಿಗಿ ಬಂದಿತ್ತು, ಕಿವೀಗಲ್ಲ," ಎಂದಳು. "ನುಡದ ಮ್ಯಾಲ ಕೆಮ್ಮೋ ಹಲ್ಲಿ ನಾ ಎಲ್ಲೂ ಕೇಳಿಲ್ಲ. ಇಷ್ಟು ದೊಡ್ಡ ಮಗ ನನ್ನ ಸಲುವಾಗಿ ಹಲ್ಲಿ ಆದ ಮ್ಯಾಲ ಹೆಂಗ ಒಲ್ಲೆ ಅನ್ಲಿ?"

ಮೊನ್ನೆ ಇನ್ನೊಂದು ಕಣ್ಣಿಗೂ ದಿನ ಗೊತ್ತಾಯಿತು. ಅವ್ವ ಪೆಟ್ಟಿಗೆಯತ್ತ ನೋಡಲೇ ಇಲ್ಲ. ಕಪಾಟಿನ ಕಡೆ ಕೈ ತೋರಿಸಿ, "ಹೋಗು, ನಿಂತ್ಕೊ," ಎಂದಳು. ನಾನು ಹೋಗಿ ನಿಂತೆ.