ಏನೂ ಗೊತ್ತಿಲ್ಲದ ಊರು

ಎಲ್ಲಕ್ಕೂ ಮೂಲ ಒಂದು ಬುಟ್ಟಿ ಕೆಂಪು ದೊಣ್ಣೆಮೆಣಸಿನಕಾಯಿ.

ಸರ್ಕಾರ ಬ್ರೆಸ್ತಕ್ ಹಳ್ಳಿಯ ಶಾಲೆಗೆ ಸಲಹೆಗಾರರನ್ನು ಕಳಿಸಿ, ಓದು ಕಲಿಸುವ ಹೊಸ ವಿಧಾನವೊಂದನ್ನು ಹೇಳಿಕೊಟ್ಟಿತ್ತು. ಪಕ್ಕದ ಲೆಸ್ಕೊವ್ಕಾಕ್ಕೆ ಬೇಕೆಂದೇ ಏನೂ ಹೇಳಿಕೊಟ್ಟಿರಲಿಲ್ಲ. ಎರಡೂ ಊರಿನ ಮಕ್ಕಳ ಓದನ್ನು ಹೋಲಿಸಲು ರಾಜಧಾನಿ ಸೋಫಿಯಾದಿಂದ ಜ್ಲಾತಿನಾ ಬಂದಿದ್ದಳು. ವ್ಯತ್ಯಾಸ ಕಂಡರೆ ಯೋಜನೆ ಉಳಿಯುತ್ತದೆ, ಅದರ ಜೊತೆ ಅವಳ ಕೆಲಸವೂ.

ನಿನ್ನೆ ಬ್ರೆಸ್ತಕ್‌ನ ಮಕ್ಕಳು ನೀರು ಕುಡಿದಷ್ಟು ಸಲೀಸಾಗಿ ಓದಿದ್ದರು. ಇವತ್ತು ಲೆಸ್ಕೊವ್ಕಾದ ಮಕ್ಕಳು ತಡವರಿಸಬೇಕು. ಹಾಗೆ ಹಾರೈಸುವುದಕ್ಕೆ ಅವಳಿಗೇ ನಾಚಿಕೆಯಾಯಿತು.

ತರಗತಿಯ ಬಾಗಿಲಲ್ಲೇ ಅವಳು ಗೂಟದಂತೆ ನಿಂತುಬಿಟ್ಟಳು. ಮಕ್ಕಳು ಜೋಡಿಜೋಡಿಯಾಗಿ ಕೂತು, ಒಬ್ಬರು ಓದಿದ್ದನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಅದೇ ವಿಧಾನ!

"ಇದನ್ನ ಯಾರ್ರೀ ಹೇಳಿಕೊಟ್ಟಿದ್ದು?"

"ಬ್ರೆಸ್ತಕ್‌ನ ಟೀಚರ್ ನನ್ನ ಓರಗಿತ್ತಿ ಮೇಡಂ," ಅಂದಳು ಟೀಚರ್ ಸ್ತೋಯ್ಕಾ. "ಚಳಿಗಾಲಕ್ಕೆ ಲ್ಯುತೆನಿತ್ಸ ಚಟ್ನಿ ಕಾಯಿಸೋದು ಒಂದೇ ಅಂಗಳದಲ್ಲಲ್ವಾ? ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲೀತಾ ಗಂಡಂದಿರನ್ನ ಬೈದು ಮುಗಿಸಿದ್ವಿ. ಆಮೇಲೆ ಇದೇ ಮಾತು."

"ಅವರು ಹೊರಗೆ ಹೇಳೋ ಹಾಗಿರ್ಲಿಲ್ಲ!"

"ಯಾರಿಗೂ ಹೇಳ್ಬೇಡ ಅಂತಾನೇ ಹೇಳಿದ್ಲು. ನಾನೂ ಹಾಗೇ ಹೇಳಿದೀನಿ, ದೆಬೆಲ್ತ್ಸಿ ಊರಿನವರಿಗೆ."

ಜ್ಲಾತಿನಾ ಅಂಚೆ ಹಂಚಲು ಬಂದಿದ್ದವಳ ಕಾರು ಹತ್ತಿ ದೆಬೆಲ್ತ್ಸಿಗೆ ಓಡಿದಳು. ಅಲ್ಲಿ ಸಂಗತಿ ಇನ್ನೂ ಮುಂದೆ ಹೋಗಿತ್ತು. ತರಗತಿಯಲ್ಲಿ ಅಜ್ಜಿಯರೂ ಕೂತಿದ್ದರು, ಒಬ್ಬೊಬ್ಬರ ಪಕ್ಕದಲ್ಲಿ ಒಂದೊಂದು ಮಗು. ತಲೆಗೆ ವಸ್ತ್ರ ಕಟ್ಟಿದ ಅಜ್ಜಿಯೊಬ್ಬಳು ಅವಳ ಕೈಗೂ ಪುಸ್ತಕ ತುರುಕಿದಳು.

"ಓದು ಮಗಳೇ, ಹೆದರ್ಬೇಡ."

ಗಾಬರಿಯಲ್ಲಿ ಜ್ಲಾತಿನಾ ಮೊದಲ ಸಾಲಿನಲ್ಲೇ ಎಡವಿದಳು.

"ಅಯ್ಯೋ ಪಾಪ," ಅಜ್ಜಿ ಲೊಚಗುಟ್ಟಿದಳು. "ಸೋಫಿಯಾಕ್ಕೆ ಈ ವಿಧಾನ ಇನ್ನೂ ಬಂದಿಲ್ಲ ಅಂತ ಕಾಣುತ್ತೆ."

ಸಂಜೆ ಅಜ್ಜಿ ಕೊಟ್ಟ ಚಟ್ನಿಯ ಶೀಶೆ ಮಡಿಲಲ್ಲಿಟ್ಟುಕೊಂಡು, ನಿಂತ ಬಸ್ಸಿನಲ್ಲಿ ಕೂತು ಅವಳು ಮೇಲಧಿಕಾರಿಗೆ ಫೋನ್ ಮಾಡಿದಳು. ಈ ವರ್ಷ ಅವಳು ಚಟ್ನಿಯನ್ನು ಅಂಗಡಿಯಿಂದ ತಂದಿದ್ದಳು. ಒಬ್ಬಳೇ ಕೂತು ಸಿಪ್ಪೆ ಸುಲಿಯುವುದೆಂದರೆ ಅವಳಿಗೆ ಬೇಸರ.

"ವ್ಯತ್ಯಾಸ ಸೊನ್ನೆ ಸಾರ್. ಜೋಡಿ ಕೂತು ಓದೋದು, ಒಬ್ಬರನ್ನೊಬ್ಬರು ತಿದ್ದೋದು, ಎಲ್ಲಾ ಕಡೆ ಅದೇ. ಎಲ್ಲರೂ ಚೆನ್ನಾಗಿ ಓದ್ತಿದಾರೆ!"

ಆ ಕಡೆಯಿಂದ ಮೇಲಧಿಕಾರಿ ರೇಗಿದ. "ಎಲ್ಲರೂ ಓದಿದ್ರೆ ನಾನು ಮೇಲಿನವರಿಗೆ ಏನಂತ ತೋರಿಸ್ಲಿ? ಕೊನೇ ಅವಕಾಶ. ಏನೂ ಗೊತ್ತಿಲ್ಲದ ಊರೊಂದನ್ನ ನಾಳೆ ಹುಡುಕಿ."

ಡ್ರೈವರ್ ಸಿಗರೇಟು ಮುಗಿಸಿ, ಫೋನನ್ನು ಜೇಬಿಗಿಳಿಸುತ್ತ ಬಸ್ಸು ಹತ್ತಿದ.

"ಅಣ್ಣಾ, ಬೆಟ್ಟದ ಮೇಲಿನ ಸ್ಮಿಲೆವ್‌ನಲ್ಲಿ ಮೆಣಸಿನಕಾಯಿ ಬೆಳೀತಾರಾ?"

"ಆ ಚಳಿಗೆ ಹುಲ್ಲು ಬೆಳೆದ್ರೆ ಹೆಚ್ಚು."

ಜ್ಲಾತಿನಾಳ ಮುಖ ಅರಳಿತು.

"ಚಿಂತೆ ಬಿಡಮ್ಮ," ಅಂದ ಡ್ರೈವರ್. "ಅಲ್ಲಿ ನನ್ನ ಹೆಂಡ್ತಿನೇ ಟೀಚರ್. ಕಿಟಕಿಯಿಂದ ನಿಮ್ಮ ಮಾತು ಕೇಳಿಸ್ತು, ಆಗ್ಲೇ ಅವಳಿಗೆ ಫೋನ್ ಮಾಡಿ ಆ ವಿಧಾನ ಹೇಳ್ಬಿಟ್ಟೆ. ನಾಳೆ ಬೆಳಿಗ್ಗೆಯಿಂದ್ಲೇ ಮಕ್ಕಳನ್ನ ಜೋಡಿ ಮಾಡಿ ಕೂರಿಸ್ತಾಳಂತೆ."

ಬಸ್ಸು ಹೊರಟಿತು. ಜ್ಲಾತಿನಾ ಶೀಶೆಯ ಮುಚ್ಚಳ ತೆಗೆದು, ಚಟ್ನಿಯನ್ನು ಬೆರಳಲ್ಲೇ ತೆಗೆದು ನೆಕ್ಕಿದಳು. ಸುಟ್ಟ ಮೆಣಸಿನಕಾಯಿಯ ಹೊಗೆವಾಸನೆ ನಾಲಿಗೆಗೆ ಹತ್ತಿತು.

"ಅಣ್ಣಾ," ಅಂದಳು ಕೊನೆಗೆ. "ಅಜ್ಜಿಯರನ್ನೂ ಕೂರಿಸೋಕೆ ಹೇಳಿ. ಇನ್ನೂ ಚೆನ್ನಾಗಿ ನಡೆಯುತ್ತೆ."